ಬೆಂದಿಲ್ಲ ಅನಿಸಿದಾಗಲೇ ಆಚೆ ತೆಗೆಯಿರಿ: ಮನೆಯಲ್ಲಿ ಮೆತ್ತನೆ ಚಾಕೊಲೇಟ್ ಕುಕೀಸ್

ಮೊದಲ ಸಲ ಮೆತ್ತನೆ ಚಾಕೊಲೇಟ್ ಕುಕೀಸ್ ಸರಿಯಾಗಿ ಬಂದ ದಿನ ಅಮ್ಮ ಒಂದನ್ನು ಕೈಗೆತ್ತಿಕೊಂಡು, ಎರಡೂ ಕಡೆ ಹಿಡಿದು ಬಗ್ಗಿಸಿ ನೋಡಿ, "ಏನೋ ಇದು, ಡಬ್ಬ ಮುಚ್ಚೋದು ಮರೆತಿದ್ಯಾ? ಗಾಳಿಗೆ ಮೆತ್ತಗಾಗಿದೆ" ಅಂದರು. ಅವರ ತಪ್ಪಲ್ಲ. ನಮ್ಮಲ್ಲಿ ಬಿಸ್ಕತ್ತು ಅಂದರೆ ಕಟಕ್ ಅನ್ನಬೇಕು. ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತಾಗಲಿ ಖಾರ ಬಿಸ್ಕತ್ತಾಗಲಿ ಬಾಯಿಗಿಟ್ಟ ಕೂಡಲೇ ಪುಡಿಪುಡಿಯಾಗಬೇಕು, ಮೆತ್ತಗಾಯಿತೋ, ಹಳೇದು ಅಂತಲೇ ಲೆಕ್ಕ. ಈ ಕುಕೀಸ್ ಹಾಗಲ್ಲ. ಅಂಚು ಮಾತ್ರ ಸ್ವಲ್ಪ ಗಟ್ಟಿ, ನಡು ಮೆತ್ತಗೆ. ಕಚ್ಚಿದರೆ ಹಲ್ಲಿಗೆ ಚೂರು ಅಂಟಬೇಕು. ಮುರಿಯಲು ಹೋದರೆ ಮೊದಲು ಬಗ್ಗಿ, ಆಮೇಲೆ ಹರಿಯಬೇಕು.

ಹಾಗೆ ನೋಡಿದರೆ ಅಮ್ಮನ ಮಾತಿಗೂ ಆಧಾರ ಇದೆ. ಚಾಕೊಲೇಟ್ ತುಂಡು ಹಾಕಿದ ಕುಕೀಸ್ ಹೆಸರು ಮಾಡಿದ್ದು 1930ರ ದಶಕದಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ವಿಟ್‌ಮನ್ ಅನ್ನುವ ಊರಿನಲ್ಲಿ. ಅಲ್ಲಿ ಟೋಲ್ ಹೌಸ್ ಇನ್ ಅನ್ನುವ ಹೋಟೆಲ್ ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಮಾಡಿದ್ದು ಗರಿಗರಿ ಕುಕಿ, ಅದರ ಹೆಸರಲ್ಲೇ ಕ್ರಂಚ್ ಅಂತ ಇತ್ತು. ಆದ್ದರಿಂದ ಮನೆಯಲ್ಲಿ ಗರಿಗರಿ ಬೇಕು ಅನ್ನುವವರು ಇದ್ದರೆ ಜಗಳ ಬೇಡ, ಇದೇ ಹಿಟ್ಟನ್ನು ನಾಲ್ಕು ನಿಮಿಷ ಜಾಸ್ತಿ ಬೇಯಿಸಿ ಕೊಡಿ. ನಾನು ಇಲ್ಲಿ ಹೇಳುವುದು ಮೆತ್ತನೆಯದರ ಬಗ್ಗೆ.

ನನ್ನ ಮೊದಲ ನಾಲ್ಕು ಟ್ರೇ ಹಾಳಾದವು. ಹತ್ತು ನಿಮಿಷ ಅಂತ ಬರೆದಿತ್ತು, ಹತ್ತು ನಿಮಿಷಕ್ಕೆ ಬಾಗಿಲು ತೆಗೆದು ಮುಟ್ಟಿ ನೋಡಿದೆ, ಹಸಿ ಹಿಟ್ಟಿನ ಹಾಗೆ ಮೆತ್ತಗಿತ್ತು, ಇನ್ನೂ ಬೆಂದಿಲ್ಲ ಅಂದುಕೊಂಡು ಮುಚ್ಚಿದೆ, ಮತ್ತೆ ತೆಗೆದೆ, ಮತ್ತೆ ಮುಚ್ಚಿದೆ, ಕೊನೆಗೆ 18 ನಿಮಿಷಕ್ಕೆ ಆಚೆ ಬಂದಿದ್ದು ಆರುವ ಹೊತ್ತಿಗೆ ಕ್ಯಾರಂ ಸ್ಟ್ರೈಕರ್ ಆಗಿತ್ತು. ತಪ್ಪು ಅಳತೆಯಲ್ಲಿ ಇರಲಿಲ್ಲ, ನನ್ನ ಅನುಮಾನದಲ್ಲಿತ್ತು. ಮೈಸೂರು ಪಾಕ್ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಣಲೆಯಲ್ಲೇ ಗಟ್ಟಿಯಾಗಲಿ ಅಂತ ಕೈಯಾಡಿಸುತ್ತಾ ನಿಂತರೆ ತಟ್ಟೆಗೆ ಸುರಿಯುವಷ್ಟರಲ್ಲಿ ಕಲ್ಲು. ಹೋಳಿಗೆಯ ಹೂರಣವೂ ಹಾಗೇ, ಬಿಸಿಯಿದ್ದಾಗ ಸಡಿಲ, ಆರಿದ ಮೇಲೆ ಉಂಡೆಗೆ ಬರುತ್ತದೆ. ಕುಕೀಸ್‌ಗೂ ಅಂಥ ಒಂದು ಹದ ಇದೆ. ಬೆಣ್ಣೆ ಕರಗಿರುತ್ತದೆ, ಸಕ್ಕರೆ ಪಾಕದಂತಿರುತ್ತದೆ, ಅವೆರಡೂ ಆರಿದ ಮೇಲೆಯೇ ಗಟ್ಟಿಯಾಗುವುದು. ಓವನ್ ಒಳಗೆ ಗಟ್ಟಿಯಾಗಿ ಕಂಡರೆ ತಡವಾಗಿದೆ ಅಂತಲೇ ಅರ್ಥ.

ಸಾಮಾನು

ಬೇಕಾಗುವುದು ಇಷ್ಟು: ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಬ್ರೌನ್ ಶುಗರ್ 100 ಗ್ರಾಂ, ಮಾಮೂಲಿ ಸಕ್ಕರೆ 60 ಗ್ರಾಂ, ಒಂದು ಮೊಟ್ಟೆ, ಮೈದಾ 120 ಗ್ರಾಂ, ಕೋಕೋ ಪುಡಿ 40 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ, ವೆನಿಲಾ ಎಸೆನ್ಸ್ ಒಂದು ಟೀ ಚಮಚ, ಚಾಕೊಲೇಟ್ 130 ಗ್ರಾಂ. ಎಲ್ಲ ಸೇರಿ ಸುಮಾರು 600 ಗ್ರಾಂ ಹಿಟ್ಟು. 40 ಗ್ರಾಂನ ಉಂಡೆ ಕಟ್ಟಿದರೆ 15 ಕುಕೀಸ್.

ಗ್ರಾಂ ಲೆಕ್ಕ ಕೊಟ್ಟಿರುವುದು ಸುಮ್ನೆ ಅಲ್ಲ. ಒಂದು ಕಪ್ ಮೈದಾ ಅಂದರೆ ಎಷ್ಟು? ಚಮಚದಲ್ಲಿ ಮೆಲ್ಲಗೆ ತುಂಬಿ ಮೇಲೆ ಸಮ ಮಾಡಿದರೆ 120 ಗ್ರಾಂ ಆಸುಪಾಸು. ಅದೇ ಕಪ್ಪನ್ನು ಡಬ್ಬದೊಳಗೆ ಅದುಮಿ ಮೊಗೆದರೆ 150ರ ತನಕ ಹೋಗುತ್ತದೆ. ಆ 30 ಗ್ರಾಂ ಜಾಸ್ತಿ ಮೈದಾ ಸಾಕು, ಕುಕಿ ಹರಡದೆ ಬನ್ನಿನ ತುಂಡಿನ ಹಾಗೆ ಕೂತುಬಿಡುತ್ತದೆ. ಕೆಲವು ನೂರು ರೂಪಾಯಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಿಗುತ್ತದೆ. ಬೀಟರ್‌ಗೆ, ಬಣ್ಣಬಣ್ಣದ ಸಿಲಿಕಾನ್ ಸೌಟಿಗೆ ದುಡ್ಡು ಹಾಕುವ ಮುಂಚೆ ಅದನ್ನು ತೆಗೆದುಕೊಳ್ಳಿ. ತಕ್ಕಡಿ ಇಲ್ಲ ಅಂದರೆ ಮೈದಾವನ್ನು ಮೊದಲು ಜರಡಿ ಹಿಡಿದು, ಆಮೇಲೆ ಕಪ್ಪಿಗೆ ಚಮಚದಿಂದ ಹಾಕಿಕೊಳ್ಳಿ. ಅದುಮಬೇಡಿ, ಕಪ್ಪನ್ನು ಕುಟ್ಟಲೂ ಬೇಡಿ.

ಬೆಣ್ಣೆ ಉಪ್ಪಿಲ್ಲದ್ದಾದರೆ ಒಳ್ಳೆಯದು. ಮನೆಯಲ್ಲಿರುವುದು ಹಳದಿ ಉಪ್ಪು ಬೆಣ್ಣೆಯೇ ಆದರೆ ಅದೇ ಹಾಕಿ, ಬೇರೆ ಉಪ್ಪು ಬಿಟ್ಟುಬಿಡಿ, ಅಷ್ಟೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ನೀರು ಜಾಸ್ತಿ ಉಳಿದಿರುತ್ತದೆ, ಹಾಕುವ ಮುಂಚೆ ತಣ್ಣೀರಲ್ಲಿ ತೊಳೆದು ಚೆನ್ನಾಗಿ ಹಿಂಡಿ. ತುಪ್ಪ ಬೇಡ. ತುಪ್ಪ ಹಾಕಿದರೆ ಮರಳುಮರಳಾಗಿ ಉದುರುವ ನಾನ್‌ಖಟಾಯ್ ಆಗುತ್ತದೆ, ಅದು ರುಚಿಯೇ, ಆದರೆ ನಾವು ಹೊರಟಿರುವ ಊರು ಅದಲ್ಲ. ಬೆಣ್ಣೆಯಲ್ಲಿರುವ ಚೂರು ನೀರು ಮೈದಾಗೆ ಬೇಕು, ತುಪ್ಪದಲ್ಲಿ ಅದು ಇರುವುದಿಲ್ಲ.

ಮೆತ್ತಗಾಗುವುದಕ್ಕೆ ಅರ್ಧ ಕಾರಣ ಸಕ್ಕರೆ. ಬಿಳಿ ಸಕ್ಕರೆ ಆರಿದ ಮೇಲೆ ಮತ್ತೆ ಹರಳುಗಟ್ಟಿ ಗರಿಗರಿ ಮಾಡುತ್ತದೆ. ಬ್ರೌನ್ ಶುಗರ್ ಅಂದರೆ ಅದೇ ಸಕ್ಕರೆಗೆ ಕಬ್ಬಿನ ಕಪ್ಪು ಪಾಕ ಸೇರಿದ್ದು, ಆ ಪಾಕ ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಬ್ರೌನ್ ಶುಗರ್ ಜಾಸ್ತಿ, ಬಿಳಿ ಸಕ್ಕರೆ ಕಡಿಮೆ. ಕೊಳ್ಳುವಾಗ ಒಂದು ವಿಷಯ ನೋಡಿ: ಅಂಗಡಿಯಲ್ಲಿ ಬ್ರೌನ್ ಶುಗರ್ ಅಂತ ಸಿಗುವುದರಲ್ಲಿ ಎಷ್ಟೋ ಸಲ ದಪ್ಪ ಹರಳಿನ, ಉದುರುದುರು ಡೆಮೆರಾರಾ ಇರುತ್ತದೆ. ಅದು ಕಾಫಿಗೆ ಸರಿ, ಇದಕ್ಕಲ್ಲ. ನಮಗೆ ಬೇಕಾದ್ದು ಮುಷ್ಟಿಯಲ್ಲಿ ಹಿಡಿದರೆ ತಂಬಿಟ್ಟಿನ ಹಾಗೆ ಉಂಡೆಗೆ ನಿಲ್ಲಬೇಕು.

ಅದು ಸಿಗದಿದ್ದರೆ ನನ್ನ ಉಪಾಯ ಜೋನಿ ಬೆಲ್ಲ, ಅಂದರೆ ಪಾಕದ ಹಾಗೆ ನೀರಾಗಿರುವ ಬೆಲ್ಲ. ಶಿರಸಿ, ಸಾಗರದ ಕಡೆ ನೆಂಟರು ಇದ್ದವರ ಮನೆಯಲ್ಲಿ ದೋಸೆಗೆ ಅಂತ ಒಂದು ಬಾಟಲಿ ಇದ್ದೇ ಇರುತ್ತದೆ. 100 ಗ್ರಾಂ ಸಕ್ಕರೆಗೆ ಒಂದು ದೊಡ್ಡ ಚಮಚ ಜೋನಿ ಬೆಲ್ಲ ಹಾಕಿ ಬೆರಳಿನಿಂದ ತಿಕ್ಕಿದರೆ ಒದ್ದೆ ಮರಳಿನ ಹಾಗಾಗುತ್ತದೆ, ಮನೆಯಲ್ಲೇ ಬ್ರೌನ್ ಶುಗರ್ ಆಯಿತು. ಬೆಲ್ಲದ ಪುಡಿಯನ್ನು ನೇರವಾಗಿ ಹಾಕಿದರೂ ನಡೆಯುತ್ತದೆ, ಬೆಲ್ಲದ ವಾಸನೆ ಚಾಕೊಲೇಟ್ ಜೊತೆ ಚೆನ್ನಾಗಿಯೇ ಹೊಂದುತ್ತದೆ. ಗಂಟು, ಕಸ ಇದ್ದರೆ ಮಾತ್ರ ಜರಡಿ ಹಿಡಿಯಿರಿ. ಇನ್ನು ನಮ್ಮ ಅಂಗಡಿ ಸಕ್ಕರೆಯ ಹರಳು ದಪ್ಪ, ಬೆಣ್ಣೆಯಲ್ಲಿ ಬೇಗ ಕರಗುವುದಿಲ್ಲ. ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ. ನುಣ್ಣಗೆ ಪುಡಿ ಮಾಡುವುದು ಬೇಡ, ಸಣ್ಣ ರವೆಯಷ್ಟು ಸಾಕು.

ಕೋಕೋ ಪುಡಿ ಅಂದರೆ ಸಕ್ಕರೆ ಇಲ್ಲದ ಕಹಿ ಪುಡಿ. ಹಾಲಿಗೆ ಹಾಕಿ ಕುಡಿಯುವ ಡ್ರಿಂಕಿಂಗ್ ಚಾಕೊಲೇಟ್ ಬೇರೆ, ಅದರಲ್ಲಿ ಸಕ್ಕರೆಯೇ ಜಾಸ್ತಿ, ಅದನ್ನು ಹಾಕಿದರೆ ಟ್ರೇ ತುಂಬ ಸಿಹಿ ಕೆಸರು. ನಾಲಿಗೆಗೆ ಚೂರು ಇಟ್ಟು ನೋಡಿ, ಮುಖ ಕಿವುಚಿದರೆ ಸರಿಯಾದ್ದು. ತಿಳಿ ಕಂದು ಬಣ್ಣದ ಮಾಮೂಲಿ ಕೋಕೋ ಸ್ವಲ್ಪ ಹುಳಿ, ಕಪ್ಪಗಿರುವ ಡಚ್ ಕೋಕೋದಲ್ಲಿ ಆ ಹುಳಿ ತೆಗೆದಿರುತ್ತಾರೆ. ಈ ಅಳತೆಗೆ ಎರಡೂ ನಡೆಯುತ್ತವೆ, ಯಾಕೆಂದರೆ ಸೋಡಾ ಕೆಲಸ ಮಾಡಲು ಬೇಕಾದ ಹುಳಿ ಬ್ರೌನ್ ಶುಗರ್‌ನಲ್ಲೂ ಇದೆ, ಬೆಲ್ಲದಲ್ಲೂ ಇದೆ.

ಚಾಕೊಲೇಟ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ದೊಡ್ಡ ಗಟ್ಟಿಯಾಗಿ ಸಿಗುವುದು ಹೆಚ್ಚಾಗಿ ಕಾಂಪೌಂಡ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ವೆಜಿಟಬಲ್ ಫ್ಯಾಟ್ ಇರುತ್ತದೆ, ಕವರ್ ತಿರುಗಿಸಿ ಓದಿದರೆ ಗೊತ್ತಾಗುತ್ತದೆ. ಅಗ್ಗ, ಕೆಡುವುದಿಲ್ಲ, ಆದರೆ ಬಾಯಲ್ಲಿ ಮೇಣದ ಹಾಗೆ ಅಂಟುತ್ತದೆ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ಅಂದರೆ ನಮ್ಮ ಮೈ ಬಿಸಿಗಿಂತ ಚೂರು ಕೆಳಗೆ, ಅದಕ್ಕೇ ನಿಜವಾದ ಚಾಕೊಲೇಟ್ ನಾಲಿಗೆ ಮೇಲೆ ತಾನಾಗಿ ನೀರಾಗುವುದು. ತಿನ್ನುವ ಡಾರ್ಕ್ ಚಾಕೊಲೇಟ್ ಬಾರ್ ಎರಡು ತಂದು ಚಾಕುವಿನಲ್ಲಿ ಹೆಚ್ಚಿಕೊಳ್ಳಿ. ಚಿಪ್ಸ್ ಬೇಡ, ಅವು ಬಿಸಿಯಲ್ಲೂ ಆಕಾರ ಬಿಡದ ಹಾಗೆ ಮಾಡಿದವು. ಹೆಚ್ಚಿದ ಚಾಕೊಲೇಟ್‌ನಲ್ಲಿ ದೊಡ್ಡ ತುಂಡು, ಸಣ್ಣ ಚೂರು, ಪುಡಿ ಎಲ್ಲ ಇರುತ್ತದೆ. ತುಂಡು ಕರಗಿ ಹೊಂಡವಾಗಿ ನಿಲ್ಲುತ್ತದೆ, ಪುಡಿ ಹಿಟ್ಟಿನಲ್ಲೇ ಬೆರೆತುಹೋಗುತ್ತದೆ. ನಮ್ಮ ಪುತ್ತೂರಿನಲ್ಲೇ 1986ರಿಂದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಬೆಳೆಯುವ ಕೊಕ್ಕೋ ಹಣ್ಣಿನ ಬಿಳಿ ತಿರುಳು ಚೀಪಿ ಬೀಜ ಉಗುಳಿದ ಮಕ್ಕಳಿಗೆ, ಆ ಕಹಿ ಬೀಜವೇ ಈ ಕಪ್ಪು ಬಾರ್ ಅಂತ ನಂಬುವುದು ಕಷ್ಟವೇ.

ಕಲಸುವುದು

ಬೆಣ್ಣೆಯನ್ನು ಫ್ರಿಜ್ಜಿನಿಂದ ಮೊದಲೇ ತೆಗೆದಿಡಿ. ಎಷ್ಟು ಹೊತ್ತು ಅಂತ ಕೇಳಿದರೆ ನಿಮ್ಮ ಊರು ಯಾವುದು ಅಂತ ನಾನು ಕೇಳಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ಎರಡು ಗಂಟೆ, ಮೇ ತಿಂಗಳ ರಾಯಚೂರಿನಲ್ಲಿ ಹತ್ತು ನಿಮಿಷ. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳು ಜಾರಿ ತಳ ಮುಟ್ಟಬಾರದು. ಪೂರ್ತಿ ಕರಗಿದ್ದರೆ ಮತ್ತೆ ಫ್ರಿಜ್ಜಿಗಿಟ್ಟು ಸ್ವಲ್ಪ ಗಟ್ಟಿ ಮಾಡಿಕೊಳ್ಳಿ.

ಬೆಣ್ಣೆ, ಎರಡೂ ಸಕ್ಕರೆ ಒಂದು ಅಗಲ ಪಾತ್ರೆಗೆ ಹಾಕಿ ಮರದ ಸೌಟಿನಿಂದಲೋ ವಿಸ್ಕ್‌ನಿಂದಲೋ ಎರಡು ಮೂರು ನಿಮಿಷ ತಿಕ್ಕಿ ತಿಕ್ಕಿ ಕಲಸಿ. ಬಣ್ಣ ಚೂರು ತಿಳಿಯಾಗಿ, ಹಗುರಾದರೆ ಸಾಕು. ಬೀಟರ್ ಇದ್ದವರು ಉತ್ಸಾಹ ಕಡಿಮೆ ಮಾಡಿಕೊಳ್ಳಿ, ಕೇಕಿನ ಹಾಗೆ ನೊರೆ ಬರುವ ತನಕ ಬಡಿದರೆ ಗಾಳಿ ತುಂಬಿ ಕುಕೀಸ್ ಉಬ್ಬುತ್ತದೆ, ಆಮೇಲೆ ಕುಸಿಯುತ್ತದೆ. ಈಗ ಮೊಟ್ಟೆ ಒಡೆದು ಹಾಕಿ, ವೆನಿಲಾ ಹಾಕಿ, ಇನ್ನರ್ಧ ನಿಮಿಷ. ಮೊಟ್ಟೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾದರೆ ಬೆಣ್ಣೆ ಮತ್ತೆ ಹೆಪ್ಪುಗಟ್ಟಿ ಒಡೆದ ಹಾಲಿನ ಹಾಗೆ ಕಾಣುತ್ತದೆ. ಗಾಬರಿ ಬೇಡ, ಮೈದಾ ಬಿದ್ದ ಮೇಲೆ ಸರಿಹೋಗುತ್ತದೆ, ಆದರೂ ಮೊಟ್ಟೆಯನ್ನು ಮೊದಲೇ ಐದು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಇಟ್ಟಿದ್ದರೆ ಈ ರಗಳೆಯೇ ಇಲ್ಲ.

ಇಲ್ಲಿ ನಾನು ಒಂದು ಟೀ ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಹಾಕುತ್ತೇನೆ. ಬೆಳಿಗ್ಗೆ ಫಿಲ್ಟರ್‌ನಲ್ಲಿ ಉಳಿದಿರುತ್ತದಲ್ಲ, ಅದೇ. ಕಾಫಿ ರುಚಿ ಬರುವುದಿಲ್ಲ, ಚಾಕೊಲೇಟ್ ರುಚಿ ಎದ್ದು ನಿಲ್ಲುತ್ತದೆ. ಮಕ್ಕಳಿಗೆ ಬೇಡ ಅನ್ನುವವರು ಬಿಡಿ.

ಮೈದಾ, ಕೋಕೋ, ಸೋಡಾ, ಉಪ್ಪು ಇಷ್ಟನ್ನೂ ಒಟ್ಟಿಗೆ ಜರಡಿ ಹಿಡಿದು ಇದಕ್ಕೆ ಸೇರಿಸಿ. ಕೋಕೋದಲ್ಲಿ ಗಂಟು ಜಾಸ್ತಿ, ಜರಡಿ ತಪ್ಪಿಸಬೇಡಿ, ಸೋಡಾದ ಒಂದು ಗಂಟು ಉಳಿದು ಯಾರದಾದರೂ ಬಾಯಿಗೆ ಸಿಕ್ಕರೆ ಆ ಕಹಿ ಮರೆಯುವುದಿಲ್ಲ. ಇನ್ನು ಮುಂದೆ ಚಪಾತಿ ಹಿಟ್ಟಿನ ಅಭ್ಯಾಸ ಕೈಗೆ ಬರಬಾರದು. ನಾದಬೇಡಿ. ನಾದಿದಷ್ಟೂ ಮೈದಾ ಜಿಗಿಯಾಗುತ್ತದೆ, ಕುಕೀಸ್ ರಬ್ಬರಾಗುತ್ತದೆ. ಸೌಟಿನಿಂದ ಮಡಿಸಿ ಮಡಿಸಿ, ಬಿಳಿ ಗೆರೆ ಇನ್ನೂ ಒಂದೆರಡು ಕಾಣುವಾಗಲೇ ಹೆಚ್ಚಿದ ಚಾಕೊಲೇಟ್ ಸುರಿದು, ನಾಲ್ಕು ಸಲ ತಿರುಗಿಸಿ ನಿಲ್ಲಿಸಿ. ಹಿಟ್ಟು ಜಿಡ್ಡು ಜಿಡ್ಡಾಗಿ, ಕೈಗೆ ಅಂಟುವ ಹಾಗಿರುತ್ತದೆ. ಹಾಗೇ ಇರಬೇಕು. ಅಂಟುತ್ತೆ ಅಂತ ಮೈದಾ ಉದುರಿಸಿದರೆ ಮೇಲೆ ತೂಕ ಮಾಡಿದ್ದೆಲ್ಲ ವ್ಯರ್ಥ.

ಈಗ ಮುಚ್ಚಿ ಫ್ರಿಜ್ಜಿಗಿಡಿ. ಕಡಿಮೆ ಅಂದರೂ ಒಂದು ಗಂಟೆ. ಇದು ಬಿಟ್ಟು ಹಾಕಬಹುದಾದ ಹೆಜ್ಜೆ ಅಲ್ಲ, ನಮ್ಮ ಬಿಸಿಲಿಗೆ ಅಂತೂ ಅಲ್ಲವೇ ಅಲ್ಲ. ಬೆಣ್ಣೆ ಮೆತ್ತಗಿದ್ದರೆ ಓವನ್ ಬಿಸಿ ತಾಗಿದ ಕೂಡಲೇ ಎಲ್ಲ ಹರಿದು ಒಂದಕ್ಕೊಂದು ಸೇರಿ ಟ್ರೇ ಅಗಲದ ನೀರ್‌ದೋಸೆ. ಬೆಣ್ಣೆ ತಣ್ಣಗಿದ್ದರೆ ಅದು ಕರಗುವಷ್ಟರಲ್ಲಿ ಅಂಚು ಬೆಂದು ನಿಂತಿರುತ್ತದೆ, ನಡು ದಪ್ಪ ಉಳಿಯುತ್ತದೆ, ದಪ್ಪ ಉಳಿದರೇನೇ ಮೆತ್ತಗಿರುವುದು. ಒಂದು ರಾತ್ರಿ ಇಟ್ಟರೆ ಇನ್ನೂ ಒಳ್ಳೆಯದು. ಮೈದಾ ನೀರನ್ನು ಪೂರ್ತಿ ಹೀರಿಕೊಂಡಿರುತ್ತದೆ, ರುಚಿ ಒಂದಾಗಿರುತ್ತದೆ, ನಿನ್ನೆಯ ಹುಳಿ ಇವತ್ತು ಚೆನ್ನಾಗಿರುತ್ತದಲ್ಲ, ಹಾಗೆ. ಆದರೆ ರಾತ್ರಿ ಇಟ್ಟ ಹಿಟ್ಟು ಕಲ್ಲಾಗಿರುತ್ತದೆ. ಅರ್ಧ ಗಂಟೆಯ ಹೊತ್ತಿಗೇ ಉಂಡೆ ಕಟ್ಟಿ ಡಬ್ಬದಲ್ಲಿ ಜೋಡಿಸಿಟ್ಟುಬಿಟ್ಟರೆ ಬೆಳಿಗ್ಗೆ ಚಮಚ ಬಗ್ಗಿಸುವುದು ತಪ್ಪುತ್ತದೆ. ಉಂಡೆ ನಿಂಬೆಹಣ್ಣಿನಷ್ಟು. ಲಾಡಿನ ಹಾಗೆ ಒತ್ತಿ ನುಣುಪು ಮಾಡುವುದು ಬೇಡ, ಒರಟಾಗಿದ್ದರೆ ಮೇಲ್ಭಾಗ ಚೆಂದ ಬಿರಿಯುತ್ತದೆ.

ಬೇಯಿಸುವುದು

ಓಟಿಜಿಯನ್ನು, ಅಂದರೆ ರಾಡ್ ಕಾಯುವ ಕರೆಂಟ್ ಓವನ್ನನ್ನು, 180 ಡಿಗ್ರಿಗೆ ಇಟ್ಟು, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ, 15 ನಿಮಿಷ ಖಾಲಿ ಬಿಸಿ ಮಾಡಿ. ದಪ್ಪ ಪಿನ್ನಿನ ಪವರ್ ಪ್ಲಗ್ಗಿಗೇ ಹಾಕಿ. ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಅದು ಕರಗುವುದು ಕುಕೀಸ್‌ಗಿಂತ ಮೊದಲು. ಇನ್ನೊಂದು ಮಾತು, ಓವನ್ನಿನ ತಿರುಪು ತೋರಿಸುವುದನ್ನು ಪೂರ್ತಿ ನಂಬಬೇಡಿ. ನನ್ನದು 180 ಅಂತ ಹೇಳಿ ಒಳಗೆ 200 ಕಾಯುತ್ತದೆ, ಒಳಗಿಡುವ ಒಂದು ಸಣ್ಣ ಥರ್ಮಾಮೀಟರ್ ತಂದ ಮೇಲೆಯೇ ಗೊತ್ತಾಗಿದ್ದು. ಅದು ಇಲ್ಲದಿದ್ದರೆ ಮೊದಲ ಸಲ ಒಂದೇ ಒಂದು ಕುಕಿ ಬೇಯಿಸಿ ನೋಡಿ. ಕಾವಲಿಗೆ ಮೊದಲ ದೋಸೆ ಹೊಯ್ಯುವ ಹಾಗೆ ಅಂದುಕೊಳ್ಳಿ.

ಟ್ರೇ ಮೇಲೆ ಬಟರ್ ಪೇಪರ್ ಹಾಸಿ, ಉಂಡೆಗಳ ನಡುವೆ ಮೂರು ಬೆರಳು ಜಾಗ ಬಿಟ್ಟು ಇಡಿ. ಮನೆಯ ಸಣ್ಣ ಓಟಿಜಿಯ ಟ್ರೇಗೆ ಆರು ಸಾಕು. ಉಳಿದ ಉಂಡೆ ಫ್ರಿಜ್ಜಿನಲ್ಲೇ ಇರಲಿ. ಟ್ರೇಯನ್ನು ನಡುವಿನ ಅಂತಸ್ತಿಗೆ ಇಟ್ಟು ಬಾಗಿಲು ಹಾಕಿದ ಮೇಲೆ ಬೇರೆ ಕೆಲಸಕ್ಕೆ ಹೋಗಬೇಡಿ, ಒಂದು ಸ್ಟೂಲ್ ಹಾಕಿಕೊಂಡು ಗಾಜಿನ ಮುಂದೆ ಕೂರಿ.

ಬಿಳಿ ಕುಕೀಸ್ ಆಗಿದ್ದರೆ ಅಂಚು ಹೊಂಬಣ್ಣ ಬಂತು ಅಂತ ನೋಡಿ ತೆಗೆಯಬಹುದು. ಇದು ಮೊದಲೇ ಕಪ್ಪು, ಬಣ್ಣ ಏನೂ ಹೇಳುವುದಿಲ್ಲ. ಹೇಳುವುದು ಹೊಳಪು. ಮೊದಲ ನಾಲ್ಕು ನಿಮಿಷ ಉಂಡೆ ಉಂಡೆಯಾಗೇ ಇರುತ್ತದೆ. ಆಮೇಲೆ ಸುಸ್ತಾದವರ ಹಾಗೆ ನಿಧಾನಕ್ಕೆ ಕೂರುತ್ತದೆ. ಏಳನೇ ನಿಮಿಷದ ಹೊತ್ತಿಗೆ ಪೂರ್ತಿ ಹರಡಿ, ಮೇಲೆಲ್ಲ ಎಣ್ಣೆ ಸವರಿದ ಹಾಗೆ ಮಿಂಚುತ್ತಿರುತ್ತದೆ. ಇಲ್ಲಿಂದ ಕಣ್ಣು ತೆಗೆಯಬೇಡಿ. ಮಿಂಚು ಅಂಚಿನಿಂದ ಶುರುವಾಗಿ ಒಳಕ್ಕೆ ಆರುತ್ತಾ ಬರುತ್ತದೆ, ಸಾರಿಸಿದ ನೆಲ ಒಣಗುವ ಹಾಗೆ. ಅಂಚು ಮಂಕಾಗುತ್ತದೆ, ಅಲ್ಲಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಒದ್ದೆ ಹೊಳಪು ನಡುವೆ ಮಾತ್ರ ಉಳಿಯುತ್ತದೆ. ಆ ಹೊಳಪು ಹತ್ತು ರೂಪಾಯಿ ನಾಣ್ಯದಷ್ಟು ಉಳಿದಾಗ ಆಚೆ ತೆಗೆಯಿರಿ. ನನ್ನ ಓವನ್‌ನಲ್ಲಿ ಅದು ಹತ್ತನೇ ನಿಮಿಷ, ನಿಮ್ಮದರಲ್ಲಿ ಒಂಬತ್ತೋ ಹನ್ನೆರಡೋ ಇರಬಹುದು. ಹೊಳಪು ಪೂರ್ತಿ ಹೋಗುವ ತನಕ ಕಾದರೆ ಅದು ಒಳ್ಳೆಯ ಬಿಸ್ಕತ್ತು, ಅಷ್ಟೇ.

ಈಗ ಮನಸ್ಸು ಬೇಡ ಬೇಡ ಅನ್ನುತ್ತದೆ. ಅಂಚು ಮುಟ್ಟಿದರೆ ನಿಂತಿರುತ್ತದೆ, ನಡು ಮುಟ್ಟಿದರೆ ಬೆರಳಿನ ಗುರುತು ಬೀಳುತ್ತದೆ. ಪರವಾಗಿಲ್ಲ. ಟ್ರೇಯನ್ನು ಕಟ್ಟೆ ಮೇಲೆ ಒಂದು ಸಲ ಟಪ್ ಅಂತ ಕುಕ್ಕಿ, ಉಬ್ಬಿದ್ದು ಇಳಿದು ಮೇಲೆ ನೆರಿಗೆ ಬೀಳುತ್ತದೆ. ಆಮೇಲೆ ಹತ್ತು ನಿಮಿಷ ಯಾರೂ ಮುಟ್ಟಬಾರದು. ಕಾದ ಟ್ರೇ ಮೇಲೆ ತಳ ಇನ್ನೂ ಬೇಯುತ್ತಲೇ ಇರುತ್ತದೆ. ಎರಡನೇ ನಿಮಿಷಕ್ಕೆ ಎತ್ತಲು ಹೋದರೆ ಹರಿದು ಕೈಗೆ ಬರುತ್ತದೆ, ಹತ್ತನೇ ನಿಮಿಷಕ್ಕೆ ಪೇಪರಿನಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಎರಡನೇ ಸರದಿಯನ್ನು ಅದೇ ಬಿಸಿ ಟ್ರೇ ಮೇಲೆ ಇಡಬೇಡಿ, ಓವನ್ ಸೇರುವ ಮುಂಚೆಯೇ ಕರಗಿ ಹರಿಯುತ್ತದೆ.

ಕನ್ವೆಕ್ಷನ್ ಮೈಕ್ರೋವೇವ್ ಇದ್ದವರು 170 ಡಿಗ್ರಿಗೆ ಇಡಿ, ಅದರ ಫ್ಯಾನ್ ಗಾಳಿಗೆ ಬೇಗ ಬೇಯುತ್ತದೆ. ಕನ್ವೆಕ್ಷನ್ ಒಂದೇ ಒತ್ತಿದ್ದೀರಾ ಅಂತ ಎರಡು ಸಲ ನೋಡಿಕೊಳ್ಳಿ. ಲೋಹದ ಟ್ರೇ ಇಟ್ಟು ಮೈಕ್ರೋ ಒತ್ತಿದರೆ ಒಳಗೆ ಕಿಡಿ ಹಾರುತ್ತದೆ.

ಓವನ್ನೇ ಇಲ್ಲವಾ? ದಪ್ಪ ತಳದ ಹಳೇ ಬಾಣಲೆಯಲ್ಲೂ ಆಗುತ್ತದೆ. ತಳಕ್ಕೆ ಒಂದು ಪದರ ಕಲ್ಲುಪ್ಪು ಹಾಸಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಗಟ್ಟಿ ಮುಚ್ಚಳ ಮುಚ್ಚಿ, ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಉರಿ ಸಣ್ಣ ಮಾಡಿ, ಸ್ಟೀಲ್ ತಟ್ಟೆಯಲ್ಲಿ ಮೂರೋ ನಾಲ್ಕೋ ಉಂಡೆ ಇಟ್ಟು ಒಳಗಿಳಿಸಿ. 15ರಿಂದ 18 ನಿಮಿಷ ಹಿಡಿಯುತ್ತದೆ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದಿಡಿ, ನೀರು ಹಾಕಬೇಡಿ, ದಿನಾ ಅನ್ನ ಮಾಡುವ ಕುಕ್ಕರ್ ಅಂತೂ ಬೇಡ, ಉಪ್ಪಿನ ಬಿಸಿಗೆ ಅಲ್ಯೂಮಿನಿಯಂ ತಳ ಹಾಳಾಗುತ್ತದೆ. ಬಿಸಿ ಕೆಳಗಿನಿಂದ ಮಾತ್ರ ಬರುವುದರಿಂದ ತಳ ಸೀದುಹೋಗುವ ಭಯ ಇದೆ, ಒಂದರ ಮೇಲೊಂದು ಎರಡು ತಟ್ಟೆ ಇಟ್ಟರೆ ತಪ್ಪುತ್ತದೆ. ಮೇಲ್ಭಾಗ ಓವನ್‌ನಲ್ಲಿ ಮಾಡಿದಷ್ಟು ಚೆಂದ ಬಿರಿಯುವುದಿಲ್ಲ. ರುಚಿಗೇನೂ ಮೋಸ ಇಲ್ಲ.

ಮೊಟ್ಟೆ ಬೇಡ ಅನ್ನುವವರಿಗೆ

ನಮ್ಮ ಮನೆಯಲ್ಲೇ ಅರ್ಧ ಜನ ಮೊಟ್ಟೆ ಮುಟ್ಟುವುದಿಲ್ಲ, ಆದ್ದರಿಂದ ಇದನ್ನು ಜಾಸ್ತಿಯೇ ಮಾಡಿ ನೋಡಿದ್ದೇನೆ. ಅಗಸೆ ಬೀಜ ಹುರಿಯದೆ ನುಣ್ಣಗೆ ಪುಡಿ ಮಾಡಿ, ಒಂದು ದೊಡ್ಡ ಚಮಚ ಪುಡಿಗೆ ಮೂರು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಒಂದು ಮೊಟ್ಟೆಗೆ ಇದು ಸಮ. ಅಗಸೆಯ ವಾಸನೆ ಕೋಕೋದಲ್ಲಿ ಮುಚ್ಚಿಹೋಗುತ್ತದೆ. ಕಂಡೆನ್ಸ್ಡ್ ಮಿಲ್ಕ್ ಮೂರು ದೊಡ್ಡ ಚಮಚ ಹಾಕಿ ಬಿಳಿ ಸಕ್ಕರೆ 30 ಗ್ರಾಂ ಕಡಿಮೆ ಮಾಡಿದರೆ ಇನ್ನೂ ಜಗಿಯುವ ಹಾಗೆ ಬರುತ್ತದೆ, ನನಗೆ ಇದೇ ಇಷ್ಟ. ಬರೀ ಹಾಲು ಹಾಕಿದರೆ ಆಗುತ್ತದೆ, ಆದರೆ ಎರಡನೇ ದಿನಕ್ಕೆ ಪುಡಿಯಾಗಲು ಶುರು. ಮೊಸರು ಬೇಡ ಅಂತಲೇ ನನ್ನ ಅಭಿಪ್ರಾಯ, ಸೋಡಾ ಜೊತೆ ಸೇರಿ ಉಬ್ಬಿಸಿ ಕೇಕ್ ಮಾಡಿಬಿಡುತ್ತದೆ.

ಮೈದಾ ಬೇಡ, ಗೋಧಿ ಹಿಟ್ಟು ಹಾಕಲಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಹಾಕಿ, ಆದರೆ 120ರ ಬದಲು 105 ಗ್ರಾಂ. ಗಿರಣಿ ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ. ರಾಗಿ ಹಿಟ್ಟು 30 ಗ್ರಾಂ, ಮೈದಾ 90 ಗ್ರಾಂ ಮಾಡಿದರೆ ತುಂಬಾ ಚೆನ್ನಾಗಿರುತ್ತದೆ, ರಾಗಿಗೂ ಚಾಕೊಲೇಟ್‌ಗೂ ಏನೋ ಹಳೇ ನೆಂಟಸ್ತಿಕೆ ಇದ್ದ ಹಾಗಿದೆ. ಅರ್ಧಕ್ಕಿಂತ ಜಾಸ್ತಿ ರಾಗಿ ಹಾಕಿದರೆ ಹಿಡಿದಿಡುವ ಜಿಗಿ ಇಲ್ಲದೆ ಉದುರುತ್ತದೆ.

ಸರಿ ಬರದಿದ್ದರೆ

ಹರಿದು ತೆಳ್ಳಗಾಯಿತು ಅಂದರೆ ಹಿಟ್ಟು ತಣ್ಣಗಿರಲಿಲ್ಲ, ಇಲ್ಲವೇ ಓವನ್ ಸಾಕಷ್ಟು ಕಾದಿರಲಿಲ್ಲ. ಉಳಿದ ಉಂಡೆಗಳನ್ನು ಹದಿನೈದು ನಿಮಿಷ ಫ್ರೀಜರಿಗಿಟ್ಟು ಬೇಯಿಸಿ ನೋಡಿ. ಉಂಡೆ ಉಂಡೆಯಾಗೇ ನಿಂತಿತು ಅಂದರೆ ಮೈದಾ ಜಾಸ್ತಿ. ಆ ಸರದಿಗೆ ಐದನೇ ನಿಮಿಷದಲ್ಲಿ ಬಾಗಿಲು ತೆಗೆದು ಲೋಟದ ತಳದಿಂದ ಮೆಲ್ಲಗೆ ಒತ್ತಿಬಿಡಿ, ಅದು ಮರ್ಯಾದೆ ಉಳಿಸುತ್ತದೆ. ಸಾಬೂನಿನ ರುಚಿ ಬಂದರೆ ಸೋಡಾ ಜಾಸ್ತಿ, ಅದಕ್ಕೆ ಮದ್ದಿಲ್ಲ. ಗಟ್ಟಿಯಾಗಿಹೋಗಿದ್ದರೆ ಬಿಸಾಡಬೇಡಿ, ಪುಡಿ ಮಾಡಿ ವೆನಿಲಾ ಐಸ್‌ಕ್ರೀಂ ಮೇಲೆ ಉದುರಿಸಿ ಮೊದಲಿನಿಂದಲೂ ಅದೇ ಉದ್ದೇಶ ಇತ್ತು ಅನ್ನಿ. ನಾನು ಎರಡು ಸಲ ಹಾಗೆ ಹೇಳಿದ್ದೇನೆ.

ಇಡುವುದು

ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಬೆವರಿ ತೇವವಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ಮೂರು ನಾಲ್ಕು ದಿನ ಮೆತ್ತಗಿರುತ್ತದೆ, ಡಬ್ಬದ ಸುತ್ತ ಇರುವೆ ಬರುವುದನ್ನು ತಡೆಯುವ ಜವಾಬ್ದಾರಿ ನಿಮ್ಮದು. ಮಳೆಗಾಲದಲ್ಲಿ ಮಲೆನಾಡಿನವರ ಚಕ್ಕುಲಿ, ನಿಪ್ಪಟ್ಟು ಎಲ್ಲ ಮೆತ್ತಗಾಗುತ್ತದೆ ಅಂತ ಗೋಳು ಇದ್ದದ್ದೇ, ಈ ಒಂದಕ್ಕೆ ಆ ಭಯವೇ ಇಲ್ಲ. ತಿನ್ನುವ ಮುಂಚೆ ಮೈಕ್ರೋವೇವ್‌ನಲ್ಲಿ ಎಂಟು ಸೆಕೆಂಡ್ ಇಟ್ಟರೆ ಒಳಗಿನ ಚಾಕೊಲೇಟ್ ಮತ್ತೆ ಕರಗುತ್ತದೆ.

ಎಲ್ಲವನ್ನೂ ಒಂದೇ ದಿನ ಬೇಯಿಸಲೇಬೇಕು ಅಂತೇನಿಲ್ಲ. ಉಂಡೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಒಂದು ಕವರಿಗೆ ತುಂಬಿಡಿ, ಎರಡು ತಿಂಗಳು ಏನೂ ಆಗುವುದಿಲ್ಲ. ಬೇಕಾದಾಗ ಎಷ್ಟು ಬೇಕೋ ಅಷ್ಟು ತೆಗೆದು ಹಾಗೇ ಬೇಯಿಸಿ, ಎರಡು ನಿಮಿಷ ಜಾಸ್ತಿ ಕೊಡಿ. ಸಂಜೆ ಐದಕ್ಕೆ ನೆಂಟರು ಕರೆ ಮಾಡಿ ಇಲ್ಲೇ ಹತ್ತಿರ ಇದ್ದೀವಿ ಅಂದರೆ ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಮನೆ ಘಮ್ ಅನ್ನುತ್ತಿರುತ್ತದೆ.

ಮೂರನೇ ದಿನಕ್ಕೆ ಕುಕೀಸ್ ಗಟ್ಟಿಯಾಗುತ್ತಿದೆ ಅನಿಸಿದರೆ ಡಬ್ಬದೊಳಗೆ ಒಂದು ಬ್ರೆಡ್ ಸ್ಲೈಸ್ ಹಾಕಿ ಮುಚ್ಚಿ. ಮರುದಿನ ನೋಡಿ, ಬ್ರೆಡ್ ರಸ್ಕ್ ಆಗಿರುತ್ತದೆ, ಅದರ ತೇವವನ್ನೆಲ್ಲ ಕುಕೀಸ್ ಎಳೆದುಕೊಂಡಿರುತ್ತದೆ. ನಮ್ಮ ಮನೆಯಲ್ಲಿ ಆ ಒಣಗಿದ ಬ್ರೆಡ್ ಅಮ್ಮನ ಪಾಲು. ಕಾಫಿಗೆ ಅದ್ದಿಕೊಂಡು ತಿನ್ನುತ್ತಾರೆ, ಕಟಕ್ ಅನ್ನುತ್ತದಂತೆ.